ಬೆಳಕಿಗೂ ಒಂದು ಹದ

ಒಗ್ಗರಣೆಯಿಡುವ ಗೃಹಿಣಿಯರಿಗೆ ಒಂದು ಶಾಸ್ತ್ರವು ತಿಳಿದೇ ಇರುವುದು. ಎಣ್ಣೆ ಕಾಯದಿದ್ದರೆ ಸಾಸಿವೆಯು ಎಷ್ಟು ಹೊತ್ತಾದರೂ ಸುಮ್ಮನಿರುವುದು. ತಕ್ಕಷ್ಟು ಕಾದೊಡನೆ ಚಟಪಟನೆ ಸಿಡಿಯುವುದು. ಮಿತಿಮೀರಿ ಕಾದರೆ ಕರಿಕಾಗಿ ಕಹಿಯಾಗುವುದು. ಹರಳಿನ ಮೇಲೆ ಲೇಸರ್ ಬೆಳಕು ಬಿದ್ದಾಗ ನಡೆಯುವ ವ್ಯಾಪಾರವೂ ಬಹುಮಟ್ಟಿಗೆ ಇಂಥದೇ. ಇದು ಪಂಡಿತರ ಕೌತುಕಕ್ಕೆ ಮಾತ್ರ ಸೇರಿದುದಲ್ಲ. ಜ್ವರದಿಂದ ಮಲಗಿದ ರೋಗಿಯ ಚಿಕಿತ್ಸೆಗೂ ಇದಕ್ಕೂ ಸಂಬಂಧವುಂಟೆಂಬುದನ್ನು ಈ ತಿಂಗಳು ವಾಚಕರಿಗೆ ನಿವೇದಿಸುವೆವು.

ಪರಮಾಣುವಾಗಲಿ ಅಣುವಾಗಲಿ ವಿದ್ಯುದಂಶವನ್ನು ಹೊಂದಿದಾಗ ಅದಕ್ಕೆ ಅಯಾನು ಎಂದು ಹೆಸರು. 1834ರಲ್ಲಿ ಫ್ಯಾರಡೆ ಮಹಾಶಯನು ಬಳಕೆಗೆ ತಂದ ಈ ಗ್ರೀಕ್ ಶಬ್ದಕ್ಕೆ ‘ಹೋಗುವಂಥದು’ ಎಂದರ್ಥ. ನಮ್ಮ ಉತ್ತರಾಯಣದಲ್ಲಿರುವ ‘ಅಯನ’ವೂ ಗತ್ಯರ್ಥಕವಾದ ‘ಇ’ ಧಾತುವಿನಿಂದ ಹುಟ್ಟಿದುದು. ಎರಡೂ ದಾಯಾದಿ ಶಬ್ದಗಳು. ಅಯಾನುಗಳನ್ನು ವಿದ್ಯುದ್ಬಲದಿಂದ ನಿರ್ವಾತ ನಳಿಕೆಯಲ್ಲಿ ಓಡಿಸಿದರೆ ಹಗುರವಾದುವು ಬೇಗನೆಯೂ ಭಾರವಾದುವು ತಡವಾಗಿಯೂ ಗುರಿಯನ್ನು ಮುಟ್ಟುವುವು. ಓಟದ ಕಾಲವನ್ನು ಅಳೆದು ಕಣದ ತೂಕವನ್ನು ಕಂಡುಕೊಳ್ಳಬಹುದು.

ಆದರೆ ಪ್ರೋಟೀನಿನಂಥ ದೊಡ್ಡ ಅಣುವನ್ನು ಒಡೆಯದೆ ಹಾರಿಸುವುದು ಹೇಗೆ? ಬೆಳಕನ್ನು ಹೀರದ ವಸ್ತುವೂ ಬೆಳಕನ್ನು ಹೀರುವ ಇನ್ನೊಂದರೊಡನೆ ಬೆರೆತಿದ್ದರೆ ಸುಲಭವಾಗಿ ಅಯಾನಾಗುವುದೆಂದು ಜರ್ಮನಿಯ ಕರಾಸ್ ಮತ್ತು ಹಿಲನ್‌ಕಾಂಪ್ ಎಂಬವರು 1985ರಲ್ಲಿ ತೋರಿಸಿದರು. ಅದೇ ಕಾಲದಲ್ಲಿ ಜಪಾನಿನ ಕೊಇಚಿ ತನಾಕ ಎಂಬ ಇಂಜಿನಿಯರು ಕೋಬಾಲ್ಟಿನ ನುಣ್ಪುಡಿಯನ್ನೂ ಗ್ಲಿಸರಿನನ್ನೂ ಬಳಸಿ ಪ್ರೋಟೀನುಗಳನ್ನು ಇಡಿಯಾಗಿ ಹಾರಿಸಿದನು. ಆತನಿಗೆ 2002ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈಗ ಪ್ರಚಾರದಲ್ಲಿರುವ ಕ್ರಮದಲ್ಲಿ ಪರೀಕ್ಷಿಸಬೇಕಾದ ವಸ್ತುವನ್ನು ಬೆಳಕು ಹೀರುವ ದ್ರಾವಣದೊಡನೆ ಲೋಹದ ತಟ್ಟೆಯ ಮೇಲೆ ಒಣಗಿಸುವರು. ಸಣ್ಣ ಹರಳುಗಳು ಕಟ್ಟಿಕೊಂಡು, ಪ್ರೋಟೀನಿನ ಅಣುಗಳು ಅವುಗಳಲ್ಲಿ ಹುದುಗುವುವು. ಆಮೇಲೆ ನೇರಳೆಯಾಚೆಯ ಲೇಸರ್ ಬೆಳಕನ್ನು ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಕೆಲವೇ ಪಾಲುಗಳಷ್ಟು ಹೊತ್ತು ಪ್ರಯೋಗಿಸುವರು. ಹರಳಿನ ಮೇಲ್ಪದರವು ಆವಿಯಾಗಿ ಎದ್ದು, ಪ್ರೋಟೀನನ್ನು ಹೊತ್ತುಕೊಂಡು, ಅದಕ್ಕೆ ವಿದ್ಯುದಂಶವನ್ನೂ ಕೊಡುವುದು.

ಇಲ್ಲಿಯೇ ತೀವ್ರತೆಯ ಮಾತು ಬರುವುದು. ಒಂದು ಮಿತಿಗಿಂತ ಕೆಳಗಿನ ಬೆಳಕು ಎಷ್ಟು ಸಲ ಬಿದ್ದರೂ ಅಯಾನುಗಳು ಕಾಣುವುದಿಲ್ಲ. ಮಿತಿಯನ್ನು ದಾಟಿದೊಡನೆ ಅವು ಕಡಿದಾಗಿ ಹೆಚ್ಚುವುವು. ಏರಿಕೆಯು ಐದನೆಯ ಘಾತದಂತಿದ್ದರೆ, ಬೆಳಕು 2 ಮಡಿಯಾದಾಗ ಅಯಾನುಗಳು 32 ಮಡಿಯಾಗುವುವೆಂದು ಲೆಕ್ಕ ಬಲ್ಲವರು ಕಂಡುಕೊಳ್ಳಬಹುದು. ಹಾಗೆಂದು ಇನ್ನೂ ಹೆಚ್ಚಿಸುತ್ತ ಹೋದರೆ ಅಣುಗಳು ಒಡೆದು ಚೂರಾಗುವುವು, ತೂಕದ ಗುರುತುಗಳು ಮಸಕಾಗುವುವು. ಆದುದರಿಂದ ಬಲ್ಲವರು ಮಿತಿಗಿಂತ ತುಸುವೇ ಮೇಲೆ ನಿಲ್ಲುವರು. ಹರಳುಗಳು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲವಾಗಿ, ಹಲವು ತಾಣಗಳಲ್ಲಿ ಬೆಳಕನ್ನು ಹಾಯಿಸಿ ಫಲವನ್ನು ಕೂಡಿಸುವರು.

ಇದರ ಪ್ರಯೋಜನವನ್ನು ಕೇಳಿರಿ. ರೋಗಿಯ ರಕ್ತದಿಂದ ಬೆಳೆಸಿದ ಸೂಕ್ಷ್ಮಜೀವಿಗಳು ಯಾವ ಜಾತಿಯವೆಂದು ತಿಳಿಯಲು ಹಿಂದೆ, ಅವು ಬೆಳೆದ ಮೇಲೆಯೂ, ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕಾಗುತ್ತಿತ್ತು. ಈಗ ಅವುಗಳ ಪ್ರೋಟೀನುಗಳ ತೂಕದ ಪಟ್ಟಿಯನ್ನು ಈ ಕ್ರಮದಿಂದ ಪಡೆದು, ತಿಳಿದಿರುವ ಪಟ್ಟಿಗಳೊಡನೆ ಹೋಲಿಸಿ, ಕೆಲವು ನಿಮಿಷಗಳಲ್ಲಿ ಹೆಸರನ್ನು ಹೇಳಬಹುದು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಯಂತ್ರಗಳುಂಟು. ಯಾವ ಔಷಧಕ್ಕೆ ಆ ಜೀವಿಯು ಬಗ್ಗುವುದೆಂಬ ಪರೀಕ್ಷೆಯನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಮಾಡಬೇಕು. ಆದರೂ ಶತ್ರುವಿನ ಹೆಸರು ತಿಳಿದರೆ ವೈದ್ಯನು ಕುರುಡಾಗಿ ಬಾಣ ಬಿಡಬೇಕಾಗಿಲ್ಲ. ರಕ್ತಕ್ಕೆ ನಂಜು ಏರಿದ ರೋಗಿಗೆ ಒಂದು ದಿನದ ಉಳಿತಾಯವು ಪ್ರಾಣದ ಉಳಿತಾಯವೇ ಆಗಬಹುದು.

ಬಲವು ಹೆಚ್ಚಿದಷ್ಟೂ ಫಲವು ಹೆಚ್ಚೆಂದು ಲೋಕವು ನಂಬಿರುವುದು. ಸಾಸಿವೆಕಾಳೂ ಹರಳೂ ಹಾಗೆ ಹೇಳುವುದಿಲ್ಲ.