ಕಿರಣಕ್ಕೆ ಅಂಜುವವರು ಮೊದಲು ಕಾಗದಕ್ಕೆ ಅಂಜಲಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಸಂಚರಿಸುವವರಿಗೆ ಹಿಂದೆ ದೂರದಿಂದಲೇ ಊರಿನ ಗುರುತು ಹೇಳುತ್ತಿದ್ದುದು ಗುಡಿಯ ಕಳಸ, ಇಲ್ಲವೆ ಕೆರೆಯ ದಂಡೆಯ ಆಲದ ಮರ. ಇಂದು ಅವೆರಡಕ್ಕಿಂತಲೂ ಮೊದಲು ಕಣ್ಣಿಗೆ ಬೀಳುವುದು ಎರೆಹೊಲದ ನಡುವೆ ನಿಂತ ಮೊಬೈಲ್ ಗೋಪುರ. ಕಾಲ ಬದಲಾದಂತೆ ಊರಿನ ಚಹರೆಯೂ ಬದಲಾಗುವುದು ಸಹಜ. ಅದಕ್ಕಾಗಿ ನಾವು ಮರುಗುವುದಿಲ್ಲ. ಆದರೆ ಹೊಸ ಗೋಪುರದ ಮಾತು ಬಂದಾಗಲೆಲ್ಲ ನಮ್ಮ ಹಳ್ಳಿಗಳಲ್ಲಿ ನಡೆಯುವ ವಾದವು ಹಾದಿ ತಪ್ಪಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಸಮಯ ಬಂದಿದೆ. ಅಂಜಬಾರದುದಕ್ಕೆ ಜನ ಅಂಜುತ್ತಿದ್ದಾರೆ. ಅಂಜಬೇಕಾದುದಕ್ಕೆ ಕಣ್ಣು ಮುಚ್ಚಿ ರುಜು ಹಾಕುತ್ತಿದ್ದಾರೆ.

ಗೋಪುರವೇ ಬೇಡ ಎನ್ನುವವರಿಗೆ ಮೊದಲೊಂದು ಮಾತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು, ಕಲಕತ್ತೆ ಮತ್ತು ದಿಲ್ಲಿಗಳ ನಡುವೆ. ಅಂದು ಅದು ಉಳ್ಳವರ ವೈಭವವಾಗಿತ್ತು. ಇಂದು ಬಡವನ ಅನ್ನಕ್ಕೆ ತಳಕು ಹಾಕಿಕೊಂಡಿದೆ. ಪಡಿತರದ ಅಂಗಡಿಯಲ್ಲಿ ಬೆರಳಚ್ಚು ತಾಳೆಯಾಗಲು ಸಂಪರ್ಕ ಬೇಕು. ಬೆಳೆ ಸಮೀಕ್ಷೆಯ ಚಿತ್ರವನ್ನು ಕಳಿಸಲು ಸಂಪರ್ಕ ಬೇಕು. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು ಮೊಬೈಲಿನಲ್ಲಿಯೇ ದಾಖಲಿಸಬೇಕೆಂಬ ನಿಯಮ 2023ರ ಜನವರಿ 1ರಿಂದ ಕಡ್ಡಾಯವಾಯಿತು. 2020-21ರ ಮಹಾಮಾರಿಯ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲೆಂದು ಗುಡ್ಡವೇರಿ ಕುಳಿತುದನ್ನು ನಾಡೆಲ್ಲ ಕಂಡಿದೆ. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳ ಮನೆಯವರು 108ಕ್ಕೆ ಕರೆ ಮಾಡಲು ಮಾಳಿಗೆಯೇರಿ ಪರದಾಡಬೇಕಾದ ಊರಿನಲ್ಲಿ ನಿಂತು, 'ಗೋಪುರ ಅನಿಷ್ಟ' ಎಂದು ಉಪದೇಶಿಸುವುದು ದಯೆಯ ಮಾತಲ್ಲ.

ಇನ್ನು ಕಿರಣದ ಭಯ. ಗೋಪುರ ಬಂದರೆ ಅರ್ಬುದ ರೋಗ ಬರುತ್ತದೆ, ಗರ್ಭ ನಿಲ್ಲುವುದಿಲ್ಲ, ಎಮ್ಮೆ ಹಾಲು ಬಿಡುವುದಿಲ್ಲ ಎಂಬ ಮಾತು ಜಾತ್ರೆಯ ಬೆಂಡು ಬತ್ತಾಸಿನಂತೆ ಎಲ್ಲ ಕಡೆ ಹಂಚಿಕೆಯಾಗುತ್ತಿದೆ. ವಿಚಾರವಂತರಾದವರು ಆಧಾರವನ್ನು ಕೇಳಬೇಡವೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ತರಂಗಗಳನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದಾದ' ವಸ್ತುಗಳ ವರ್ಗಕ್ಕೆ ಸೇರಿಸಿದ್ದು ನಿಜ. ಆದರೆ ಆ ಸೀಮಿತ ಆಧಾರವು ದೂರವಾಣಿಯನ್ನು ಕಿವಿಗೆ ಒತ್ತಿ ಹಿಡಿದು ಬಹುಕಾಲ ಮಾತಾಡುವವರನ್ನು ಕುರಿತದ್ದೇ ಹೊರತು ಗೋಪುರದ ನೆರೆಹೊರೆಯವರನ್ನು ಕುರಿತದ್ದಲ್ಲ. ನಮ್ಮ ಸರಕಾರವು 2012ರ ಸೆಪ್ಟೆಂಬರ್ 1ರಿಂದ ಗೋಪುರದ ತರಂಗಗಳಿಗೆ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಮಿತಿಯಾಗಿ ವಿಧಿಸಿದೆ. ಸಂಶಯವುಳ್ಳವರು ಶುಲ್ಕ ಕಟ್ಟಿ ಅಳತೆ ಮಾಡಿಸಿಕೊಳ್ಳಲು 2017ರಿಂದ 'ತರಂಗ ಸಂಚಾರ' ಎಂಬ ವ್ಯವಸ್ಥೆಯೂ ಇದೆ. ಮತ್ತೊಂದು ಸಂಗತಿ: ಗೋಪುರ ದೂರವಿದ್ದಷ್ಟೂ ಅದನ್ನು ಮುಟ್ಟಲು ಕೈಯೊಳಗಿನ ದೂರವಾಣಿ ಹೆಚ್ಚು ಶಕ್ತಿಯನ್ನು ಹೊರಸೂಸಬೇಕಾಗುತ್ತದೆ. ಗೋಪುರವನ್ನು ಊರಾಚೆ ಓಡಿಸಿ ಅದರ ಶಕ್ತಿಯನ್ನು ಕಿವಿಯ ಬುಡಕ್ಕೆ ತಂದುಕೊಳ್ಳುವುದು ಯಾವ ಜಾಣತನ?

ಈ ಭಯದಿಂದ ಆಗುತ್ತಿರುವ ದೊಡ್ಡ ಹಾನಿ ಬೇರೆಯೇ ಇದೆ. ಕಿರಣದ ತಕರಾರಿಗೆ ಕಂಪನಿಯವರ ಬಳಿ ಅಚ್ಚು ಹಾಕಿಸಿದ ಉತ್ತರ ಸಿದ್ಧವಾಗಿರುತ್ತದೆ. ಅಧಿಕಾರಿಗಳು ಆ ಉತ್ತರವನ್ನು ಓದಿ ಕಡತ ಮುಚ್ಚುತ್ತಾರೆ. ಗೆಲ್ಲಲಾಗದ ವಾದವನ್ನು ಬಿಗಿಯಾಗಿ ಹಿಡಿದು, ಗೆಲ್ಲಬಹುದಾದ ವಾದವನ್ನು ಕೈಬಿಟ್ಟು ಜನ ಮನೆಗೆ ಮರಳುತ್ತಾರೆ.

ಆ ಗೆಲ್ಲಬಹುದಾದ ವಾದ ಯಾವುದು? ಅದು ಕಾಗದದ ವಾದ, ಕರಾರಿನ ವಾದ.

ನಮ್ಮ ರೈತ ತನ್ನ ಹೊಲವನ್ನು ಒಂದು ವರ್ಷಕ್ಕೆ ಲಾವಣಿ ಹಾಕುವಾಗ ಹತ್ತು ಮಂದಿ ಹಿರಿಯರನ್ನು ಕೇಳುತ್ತಾನೆ. ಲಾವಣಿ ಹಿಡಿಯುವವನ ಮನೆತನ, ಎತ್ತು, ಸಾಲ ಎಲ್ಲವನ್ನೂ ವಿಚಾರಿಸುತ್ತಾನೆ. ಅದೇ ರೈತ ಎರಡು ಗುಂಟೆ ಜಾಗವನ್ನು ಹದಿನೈದು, ಇಪ್ಪತ್ತು ವರ್ಷಗಳಿಗೆ ಬಿಟ್ಟುಕೊಡುವ ಇಂಗ್ಲಿಷ್ ಕರಾರಿಗೆ, ಮಧ್ಯವರ್ತಿ ಬೆರಳಿಟ್ಟು ತೋರಿದ ಜಾಗದಲ್ಲೆಲ್ಲ ರುಜು ಹಾಕುತ್ತಾನೆ. ಹೆಂಡತಿಗೆ ತಿಳಿಯದು, ಪಾಲುದಾರ ಅಣ್ಣತಮ್ಮಂದಿರಿಗೆ ತಿಳಿಯದು. ಕಬ್ಬಿಣ ಹೊತ್ತ ಲಾರಿ ಬದುವಿನ ಮೇಲೆ ಹಾಯ್ದು ಬಂದಾಗಲೇ ನೆರೆಹೊಲದವನಿಗೆ ಸುದ್ದಿ.

ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು. ಕೆಲವು ತಿಂಗಳ ಸೂಚನೆ ಕೊಟ್ಟು ಕಂಪನಿ ಹೊರಟುಹೋಗಬಹುದು. ಹೊಲದೊಡೆಯ ಮಾತ್ರ ಅವಧಿ ಮುಗಿಯುವ ತನಕ ಬಿಡಿಸಿಕೊಳ್ಳಲಾರ. ಗೋಪುರ ಕಟ್ಟುವವರು ಒಬ್ಬರು, ಅದರ ಮೇಲೆ ಯಂತ್ರ ತೂಗುಹಾಕಿ ಮಾತು ಸಾಗಿಸುವವರು ಬೇರೆಯವರು. ಒಂದೇ ಗೋಪುರದ ಮೇಲೆ ಎರಡು ಮೂರು ಕಂಪನಿಗಳು ಕುಳಿತರೆ ಕಟ್ಟಿದವನಿಗೆ ಎರಡು ಮೂರು ಬಾಡಿಗೆ. ಕರಾರಿನಲ್ಲಿ ಬರೆಸಿಕೊಳ್ಳದ ರೈತನಿಗೆ ಅದೇ ಒಂದು ಬಾಡಿಗೆ. ಇಪ್ಪತ್ತು ವರ್ಷದ ಮಾತು ಕೊಡುವ ಈ ಕಂಪನಿಗಳ ಆಯುಷ್ಯವಾದರೂ ಎಷ್ಟು? 2012ರಲ್ಲಿ ಸುಪ್ರೀಂ ಕೋರ್ಟು ಒಂದೇ ತೀರ್ಪಿನಲ್ಲಿ 122 ಪರವಾನಿಗೆಗಳನ್ನು ರದ್ದುಪಡಿಸಿತು. 2018ರಲ್ಲಿ ಏರ್‌ಸೆಲ್, 2019ರಲ್ಲಿ ರಿಲಯನ್ಸ್ ಕಮ್ಯುನಿಕೇಶನ್ಸ್ ದಿವಾಳಿ ಪ್ರಕ್ರಿಯೆಗೆ ಸಂದವು. ಬಾಡಿಗೆದಾರನೇ ದಿವಾಳಿಯಾದರೆ ಹೊಲದ ನಡುವಿನ ಕಬ್ಬಿಣ, ಸಿಮೆಂಟು ಯಾರ ಕೊರಳಿಗೆ?

ಸಿಮೆಂಟಿನ ಮಾತು ಸಣ್ಣದಲ್ಲ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂಥ ನೆಲದಲ್ಲಿ ಎತ್ತರದ ಗೋಪುರ ಅಲುಗದೆ ನಿಲ್ಲಬೇಕಾದರೆ ತಳಪಾಯ ಆಳಕ್ಕೆ ಇಳಿಯಲೇಬೇಕು. ಗೋಪುರವನ್ನು ಬಿಚ್ಚಿ ಒಯ್ಯುವುದು ಸುಲಭ. ನೆಲದೊಳಗಿನ ಕಾಂಕ್ರೀಟನ್ನು ಕಿತ್ತು ಒಯ್ಯುವವರು ಯಾರು? ಹಸಿ ಎರೆಯ ಮೇಲೆ ಭಾರದ ಯಂತ್ರ ಓಡಾಡಿದರೆ ಮಣ್ಣು ಅಮರಿ ಗಟ್ಟಿಯಾಗುತ್ತದೆ. ಅಲ್ಲಿ ಕಡಲೆ, ಹೆಸರು, ಹತ್ತಿಯ ಬೇರು ಮೊದಲಿನಂತೆ ಇಳಿಯದು. ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಲ್ಲಿ ಚರಗ ಚೆಲ್ಲಿ ಭೂತಾಯಿಯನ್ನು ಸಂತೃಪ್ತಿಪಡಿಸುವ ನಾವು, ಅವಳ ಒಡಲಲ್ಲಿ ಹೂತ ಕಲ್ಲಿನ ಲೆಕ್ಕವನ್ನು ಕರಾರಿನಲ್ಲಿ ಬರೆಸಬೇಡವೆ?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿಯಬೇಕು. 1885ರ ಟೆಲಿಗ್ರಾಫ್ ಕಾಯ್ದೆಯ ಸ್ಥಾನಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ. ಅದರಡಿಯ ಮಾರ್ಗಾಧಿಕಾರದ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಈ ಕಾಯ್ದೆಯಂತೆ ಕಂಪನಿಗೆ ಹೊಲದ ಮೇಲೆ ಬಳಕೆಯ ಹಕ್ಕಲ್ಲದೆ ಒಡೆತನ ಬರುವುದಿಲ್ಲ. ಇದು ಸಮಾಧಾನದ ಸಂಗತಿ. ಆದರೆ ಅದೇ ಕಾಯ್ದೆಯ 12ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಖಾಸಗಿ ಜಮೀನಿನ ಒಡೆಯನು ಒಪ್ಪದಿದ್ದರೆ, ಸಾರ್ವಜನಿಕ ಹಿತಕ್ಕೆ ಅದು ಅವಶ್ಯವೆಂದು ಕೇಂದ್ರ ಸರಕಾರವು ನಿರ್ಧರಿಸಿದ ಪಕ್ಷದಲ್ಲಿ, ಮಾರ್ಗಾಧಿಕಾರವನ್ನು ಸರಕಾರವೇ ವಶಪಡಿಸಿಕೊಡಬಹುದು. ಸಾರ್ವಜನಿಕ ಹಿತವೆಂಬುದನ್ನು ದಿಲ್ಲಿಯಲ್ಲಿ ನಿರ್ಧರಿಸಬಹುದಾದರೆ, ಅದನ್ನು ಅನುಭವಿಸುವ ಊರಿನ ಗ್ರಾಮಸಭೆಯಲ್ಲಿ ಮೊದಲು ಕೇಳಬೇಕೆಂಬ ಮಾತು ಆ ಕಲಮಿನಲ್ಲಿ ಏಕಿಲ್ಲ? ಇದು ನಮ್ಮ ಆಕ್ಷೇಪ; ಇದನ್ನು ಗಟ್ಟಿಯಾಗಿಯೇ ಹೇಳುತ್ತೇವೆ.

ಕಾಗದದ ಮೇಲಿನ ಹಿತ ಹೊಲದಲ್ಲಿ ಏನಾಗುತ್ತದೆ ಎಂಬುದನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಲಪ್ರಭೆಯ ಅಚ್ಚುಕಟ್ಟಿನ ರೈತರಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ಜಮೀನು ಸುಧಾರಿಸಿತೆಂದು ಬೆಟರ್‌ಮೆಂಟ್ ಲೆವಿ ಬಂದಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಹರಿದ ರಕ್ತ ಆ ಕಾಗದದ ಫಲ. 1984ರಲ್ಲಿ ಅಖಂಡ ಧಾರವಾಡ ಜಿಲ್ಲೆಯೂ ಸೇರಿದಂತೆ ಹಲವೆಡೆಯ ಊರಗಾವಲನ್ನು ನೀಲಗಿರಿ ಬೆಳೆಯಲೆಂದು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸಿದರು. 1987ರ ನವೆಂಬರ್ 14ರಂದು ಕುಸನೂರಿನ ಜನ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಹೂಡಿ ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ಭೂಮಿ ಕೇಳಿದಾಗ, ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ರೈತರ ಮುಂದೆ ನಿಂತರು. ಸರಕಾರ ಹಿಂದೆ ಸರಿಯಿತು.

ಇಷ್ಟು ಅನುಭವವುಳ್ಳ ಜನ ಗೋಪುರದ ವಿಷಯದಲ್ಲಿ ಏಕೆ ಮೈಮರೆತರು? ಕಾರಣ ಸರಳವಾಗಿದೆ. ಸಾವಿರ ಎಕರೆ ಕೇಳುವವನು ಊರನ್ನೇ ಎದುರಿಸಬೇಕಾಗುತ್ತದೆ. ಎರಡು ಗುಂಟೆ ಕೇಳುವವನಿಗೆ ಒಬ್ಬನನ್ನು ಒಪ್ಪಿಸಿದರೆ ಸಾಕು. ಎರಡು ಗುಂಟೆಗಾಗಿ ಯಾರೂ ಧರಣಿ ಕೂಡುವುದಿಲ್ಲ. ಊರು ಒಂದಾಗಿ ಕೇಳಬೇಕಾದ ಪ್ರಶ್ನೆಯನ್ನು ಒಬ್ಬ ಸಾಲಗಾರ ರೈತ ಒಂಟಿಯಾಗಿ ಎದುರಿಸುತ್ತಾನೆ, ಒಂಟಿಯಾದುದರಿಂದಲೇ ಸೋಲುತ್ತಾನೆ.

'ಹೊಲ ನನ್ನದು, ಊರನ್ನೇಕೆ ಕೇಳಲಿ?' ಎನ್ನುವವರಿದ್ದಾರೆ. ಹೊಲ ನಿಮ್ಮದು, ಆದರೆ ಲಾರಿ ಹಾಯುವ ಚಕ್ಕಡಿ ಹಾದಿ ಊರಿನದು. ವಿದ್ಯುತ್ತು ಹೋದಾಗ ಗುಡುಗುಡಿಸುವ ಡೀಸೆಲ್ ಯಂತ್ರದ ಸದ್ದು ನೆರೆಯವನ ನಿದ್ದೆಗೆ ಸೇರಿದ್ದು. ಕಬ್ಬಿಣ ಉರುಳಿದರೆ ನಿಮ್ಮ ಬದುವನ್ನು ನೋಡಿ ಉರುಳುವುದಿಲ್ಲ. 'ಊರು ಹಟ ಹಿಡಿದರೆ ಕಂಪನಿ ಬೇರೆ ಊರಿಗೆ ಹೋಗುತ್ತದೆ' ಎಂಬ ಬೆದರಿಕೆಯೂ ಪೊಳ್ಳು. ತರಂಗಗಳ ಲೆಕ್ಕಾಚಾರದಂತೆ ಗೋಪುರ ಒಂದು ನಿರ್ದಿಷ್ಟ ವರ್ತುಲದೊಳಗೇ ನಿಲ್ಲಬೇಕು. ಆ ವರ್ತುಲ ನಿಮ್ಮ ಊರ ಸೀಮೆಯಲ್ಲಿದ್ದರೆ, ನಿಮಗೆ ಕಂಪನಿ ಎಷ್ಟು ಬೇಕೋ ಕಂಪನಿಗೂ ನೀವು ಅಷ್ಟೇ ಬೇಕು.

ಆದುದರಿಂದ ಮಾಡಬೇಕಾದುದನ್ನು ನೇರವಾಗಿ ಹೇಳುತ್ತೇವೆ. ಗೋಪುರದ ಪ್ರಸ್ತಾಪ ಬಂದೊಡನೆ ಅದು ಗ್ರಾಮಸಭೆಯ ಮುಂದೆ ಬರಲಿ. ಉತ್ತುಬಿತ್ತುವ ಹೊಲಕ್ಕೆ ಮೊದಲು ಪಂಚಾಯತಿಯ ಖಾಲಿ ನಿವೇಶನ, ಹಳೆಯ ಟೆಲಿಫೋನ್ ವಿನಿಮಯ ಕೇಂದ್ರದ ಆವರಣ, ಈಗಾಗಲೇ ನಿಂತಿರುವ ಗೋಪುರ ಇವುಗಳಲ್ಲಿ ಸ್ಥಳಾವಕಾಶವಿದೆಯೆ ಎಂದು ನೋಡಲಿ. ಪಂಚಾಯತಿಯ ಜಾಗದಲ್ಲಿ ನಿಂತರೆ ಬಾಡಿಗೆಯಿಂದ ಊರಿನ ದೀಪ ಉರಿಯುತ್ತದೆ. ಹೊಲವೇ ಅನಿವಾರ್ಯವಾದರೆ, ಹೊಲದ ನಡುವೆ ಬೇಡ. ಹಾದಿಗೆ ಹೊಂದಿದ ಅಂಚಿನಲ್ಲಿ ಇರಲಿ. ಕರಾರು ಕನ್ನಡದಲ್ಲಿರಲಿ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಅದರ ವೆಚ್ಚ ಕಂಪನಿಯದಾಗಲಿ. 1964ರ ಭೂಕಂದಾಯ ಕಾಯ್ದೆಯ ಭೂಪರಿವರ್ತನೆಯ ಪ್ರಶ್ನೆ ಎದ್ದರೆ ಹೊಣೆ ಯಾರದೆಂದು ಬರೆದಿರಲಿ. ಪಹಣಿಯಲ್ಲಿ ಸೊಸೈಟಿಯ ಬೋಜಾ ಇದ್ದರೆ ಅವರ ಒಪ್ಪಿಗೆ, ಪಾಲುದಾರರಿದ್ದರೆ ಎಲ್ಲರ ರುಜು ಇರಲಿ. ಎರಡನೆಯ ಕಂಪನಿ ಏರಿದರೆ ಬಾಡಿಗೆಯೂ ಏರಲಿ. ಗೋಪುರ ತೆಗೆಯುವಾಗ ತಳಪಾಯ ಕಿತ್ತು ಎರೆಮಣ್ಣು ತುಂಬಿಕೊಡಬೇಕೆಂದೂ, ಅದಕ್ಕೆ ತಕ್ಕ ಠೇವಣಿಯನ್ನು ಮೊದಲೇ ಇಡಬೇಕೆಂದೂ ಕರಾರಾಗಲಿ.

ಒಂದು ಎಚ್ಚರಿಕೆಯ ಮಾತು ಉಳಿದಿದೆ. 'ನಿಮ್ಮ ಹೊಲಕ್ಕೆ ಗೋಪುರ ಮಂಜೂರಾಗಿದೆ, ಮೊದಲು ತೆರಿಗೆಯ ಹಣ ಕಳಿಸಿರಿ' ಎಂದು ಟ್ರಾಯ್ ಸಂಸ್ಥೆಯ ಮುದ್ರೆಯೊತ್ತಿದ ನಕಲಿ ಪತ್ರಗಳು ಹಳ್ಳಿಗಳಿಗೆ ಬರುತ್ತಿವೆ. ಗೋಪುರಕ್ಕೆ ಜಾಗ ಗೊತ್ತುಮಾಡುವ ಕೆಲಸಕ್ಕೂ ತನಗೂ ಸಂಬಂಧವಿಲ್ಲವೆಂದು, ಅಂಥ ಪತ್ರ ತಾನು ಕೊಡುವುದಿಲ್ಲವೆಂದು ಆ ಸಂಸ್ಥೆಯೇ ಸಾರಿ ಹೇಳಿದೆ. ಜಾಗ ಬೇಕಾದವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಕೇಳಿದವನು ಕಳ್ಳನೆಂದೇ ತಿಳಿಯಿರಿ.

ಕೊನೆಯದಾಗಿ, ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಇಂದು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳಲ್ಲಿ ವಕೀಲರಾಗಿ, ಇಂಜಿನಿಯರರಾಗಿ, ಕಂದಾಯ ಇಲಾಖೆಯ ಅಧಿಕಾರಿಗಳಾಗಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ತಟ್ಟೆಗೆ ಬಂದ ಜೋಳ ಇದೇ ಎರೆಹೊಲಗಳಿಂದ ಚಕ್ಕಡಿಯಲ್ಲಿ ಬಂದುದು. ಅದನ್ನು ಕೊಟ್ಟವನು ಇಂದು ತನಗೆ ಓದಲು ಬಾರದ ಭಾಷೆಯ ಕಾಗದವನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ. ಜಾತ್ರೆಗೆ ಬಂದು ಕಾಣಿಕೆ ಸಲ್ಲಿಸಿ ಹೋದರೆ ಋಣ ತೀರದು. ನಿಮ್ಮ ಊರಿನ ಗ್ರಾಮಸಭೆಗೆ ಒಮ್ಮೆ ಬನ್ನಿರಿ, ಆ ಕರಾರನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಿರಿ, ತಪ್ಪಿದ್ದಲ್ಲಿ ತಿದ್ದಿಸಿರಿ. ಅನ್ನದ ದಾಸೋಹದಿಂದ ಬೆಳೆದವರು ಅಕ್ಷರದ ದಾಸೋಹದಿಂದ ಅದನ್ನು ಹಿಂದಿರುಗಿಸಲಿ. ಊರಿಗೆ ಗೋಪುರ ಬರಲಿ. ಊರು ಓದಿ ಒಪ್ಪಿದ ಮೇಲೆ ಬರಲಿ.