ಮನೆ ಕೊಳ್ಳುವ ಮೊದಲು ನಡೆದು ನೋಡಿರಿ

ಅಕಿವಾಟದ ನಮ್ಮ ಮಂದಿ ಈಗ ಜಯಸಿಂಗಪುರ, ಇಚಲಕರಂಜಿ, ಸಾಂಗಲಿಗಳಲ್ಲಿ ಪ್ಲಾಟು, ಫ್ಲ್ಯಾಟು ನೋಡತೊಡಗಿದ್ದಾರೆ. ಮಕ್ಕಳ ಶಿಕ್ಷಣ ಒಂದು ಕಾರಣವಾದರೆ 2005, 2019, 2021ರ ಮಹಾಪೂರಗಳು ಇನ್ನೊಂದು. ನಮ್ಮ ಅಂಗಡಿಯಲ್ಲಿ ಈ ಮಾತು ಬಂದಾಗ ದರ, ವಾಸ್ತು, ಬೋರಿನ ನೀರು, ಬಾಗಿಲಿಗೆ ಕಾರು ಬರುವ ಅನುಕೂಲ ಎಲ್ಲದರ ಚರ್ಚೆಯಾಗುತ್ತದೆ. ಮನೆಯ ಹಿರಿಯರು ತಾವೊಬ್ಬರೇ ಬಸ್ತಿಗೆ ನಡೆದು ಹೋಗಬಹುದೇ ಎಂದು ಕೇಳುವವರು ಮಾತ್ರ ಅಪರೂಪ.

ನಮಗೆ ಪರಿಚಯದ ಮನೆತನವೊಂದು ಪಟ್ಟಣದ ಅಂಚಿನಲ್ಲಿ ಒಳ್ಳೆಯ ಮನೆ ಕಟ್ಟಿಸಿತು. ಬಸ್ತಿ ಎರಡು ಕಿಲೋಮೀಟರು ದೂರ, ನಡುವೆ ವಾಹನಗಳ ದೊಡ್ಡ ರಸ್ತೆ. ಹಳ್ಳಿಯಲ್ಲಿ ದಿನಾಲು ದರ್ಶನ ಮುಗಿಸಿಯೇ ತಿಂಡಿ ಮುಟ್ಟುತ್ತಿದ್ದ ತಾಯಿ ಈಗ ಮಗನಿಗೆ ಬಿಡುವಿದ್ದ ದಿನ ಮಾತ್ರ ಹೋಗುತ್ತಾರೆ. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಅವರು ಬಹಳ ಹೊತ್ತು ಗೇಟಿನ ಬಳಿಯೇ ಕುರ್ಚಿ ಹಾಕಿಕೊಂಡು ಕೂಡ್ರುತ್ತಾರೆ.

ಶಾಹೂ ಮಹಾರಾಜರು ತಮ್ಮ ಜನಕ ತಂದೆ ಜಯಸಿಂಗರಾವ ಘಾಟಗೆಯವರ ಹೆಸರಿನಲ್ಲಿ ಜಯಸಿಂಗಪುರವನ್ನು ನೆಲೆಗೊಳಿಸಿದಾಗ ರಸ್ತೆಗಳನ್ನು ನೇರವಾಗಿ ಹಾಕಿಸಿದರು. ಗಲ್ಲಿಗಳಿಗೆ ನಂಬರು. ಅಪರಿಚಿತನೂ ದಾರಿ ತಪ್ಪದೆ ಪೇಠೆಗೋ ಸ್ಟೇಶನ್ನಿಗೋ ನಡೆದು ಹೋಗಬಲ್ಲ. ಅಮೇರಿಕೆಯ ಕ್ಲಾರೆನ್ಸ್ ಪೆರ್ರಿ ಎಂಬವರು 1929ರಲ್ಲಿ ವಸತಿಯ ಯೋಜನೆ ಬರೆಯುವಾಗ ಶಾಲೆಯನ್ನು ನಡುವೆ ಇಟ್ಟು, ಮನೆಗಳು ಅದರಿಂದ ಕಾಲು ಮೈಲಿಯ, ಅಂದರೆ ಸುಮಾರು 400 ಮೀಟರಿನ ಆಸುಪಾಸಿನಲ್ಲಿ ಇರಬೇಕೆಂದರು. ನಮ್ಮ ಹಳ್ಳಿಗಳು ಯಾರೂ ಬರೆಯದೆಯೇ ಇದೇ ಅಳತೆಯಲ್ಲಿ ಬೆಳೆದಿವೆ!

ದಲಾಲರು ಹೇಳುವ "ಐದು ಮಿನಿಟು" ಮೋಟರ ಸೈಕಲ್ಲಿನದು. ಕಾಲ್ನಡಿಗೆಯ ಹತ್ತು ಮಿನಿಟಿನಲ್ಲಿ ಹಿರಿಯರು ಅರ್ಧ ಕಿಲೋಮೀಟರು ದಾಟಿಯಾರು. ಆದ್ದರಿಂದ ಇಸಾರ ಕೊಡುವ ಮೊದಲು ತಾಯಿ-ತಂದೆಯರನ್ನು ಕರೆದುಕೊಂಡು ಆ ಪ್ಲಾಟಿನಿಂದ ಬಸ್ತಿಗೆ, ಶಾಲೆಗೆ, ಕಿರಾಣಿ ಅಂಗಡಿಗೆ ಒಮ್ಮೆ ನಡೆಯಿರಿ. ಫೂಟಪಾಥ ಇದ್ದರೆ ಸಾಲದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ನಿಯಮದಂತೆ ಅದು 1.8 ಮೀಟರು ಅಗಲ ತೆರವಿರಬೇಕು, ಎತ್ತರ ಅರ್ಧ ಫೂಟು ಮೀರಬಾರದು. ಅದಕ್ಕಿಂತ ಎತ್ತರವಾದರೆ ಮೊಣಕಾಲು ನೋವಿನವರು ರಸ್ತೆಗೇ ಇಳಿಯುತ್ತಾರೆ. ಸಂಜೆಯೂ ಒಮ್ಮೆ ಹೋಗಿರಿ. ಚಳಿಗಾಲದಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯಾಸ್ತ. ಅಂಗಡಿಯಿಂದ ಮನೆಗೆ ನಡೆದು ಬಂದು ಬೆಳಕಿರುವಾಗಲೇ ಊಟ ಮುಗಿಯುವಂತಿದ್ದರೆ ಅದು ನಮಗೆ ಸರಿಯಾದ ಮನೆ.

ಪೇಠೆಯ ಹತ್ತಿರ ದರ ಹೆಚ್ಚೆಂಬುದು ನಿಜ. ಆದರೆ ದೂರದ ಮನೆಗೆ ಎರಡು ವಾಹನ, ಪೆಟ್ರೋಲು, ಶಾಲೆಯ ರಿಕ್ಷಾ ಎಂದು ತಿಂಗಳಾ ತಿಂಗಳಾ ಹೋಗುವ ಹಣವನ್ನು ಯಾರೂ ಬೆಲೆಯಲ್ಲಿ ಕೂಡಿಸುವುದಿಲ್ಲ. ಒಂದು ಕೋಣೆ ಕಡಿಮೆಯಾದರೂ ಒಳಗಿನ ಮನೆಯನ್ನೇ ನಾವು ಮೆಚ್ಚುತ್ತೇವೆ. ಅಂದ ಹಾಗೆ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಮನೆಯವರನ್ನೇ ಕೇಳಿರಿ, ಮಾರುವವರನ್ನಲ್ಲ. ಮನೆಯೊಳಗೆ ನೀರು ಬಾರದಿದ್ದರೂ ದಾರಿ ಮುಳುಗಿತ್ತೇ ಎಂಬುದನ್ನೂ ಕೇಳಲು ಮರೆಯಬೇಡಿರಿ.