ಮಿತಿಯ ಹೆಸರು, ಅಮಿತ ಋಣ

ಸಾಲ ಮಾಡುವುದೇ ದೋಷವಲ್ಲ. ಮಾಡಿದ ಸಾಲವನ್ನು ಲೆಕ್ಕದಿಂದ ಹೊರಗಿರಿಸಿ ಮಿತವ್ಯಯಿಯೆಂದು ಬೀಗುವುದು ದೋಷ. ಅಂಗಡಿಯ ಖಾತೆಗೆ ಸಲ್ಲುವ ಈ ಮಾತು ರಾಷ್ಟ್ರದ ಖಾತೆಗೂ ಸಲ್ಲಬೇಕು. ಜರ್ಮನಿಯ ಇತ್ತೀಚಿನ ರಾಜಕಾರಣವು ಇದಕ್ಕೆ ನಿದರ್ಶನ.

2009ರಲ್ಲಿ ಆ ದೇಶವು ತನ್ನ ಸಂವಿಧಾನದಲ್ಲಿಯೇ ‘ಸಾಲದ ಕಡಿವಾಣ’ವನ್ನು ಅಳವಡಿಸಿತು. ಸಾಮಾನ್ಯ ಕಾಲದಲ್ಲಿ ಕೇಂದ್ರ ಸರ್ಕಾರದ ರಚನಾತ್ಮಕ ಕೊರತೆಯು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.35ನ್ನು ಮೀರಕೂಡದೆಂಬುದು ಅದರ ತಿರುಳು. ಅದನ್ನು ತಿದ್ದಲು ಎರಡೂ ಸದನಗಳಲ್ಲಿ ಮೂರನೆಯ ಎರಡರಷ್ಟು ಬಹುಮತ ಬೇಕು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆರಗಿದಾಗ ಚಾನ್ಸೆಲರ್ ಶೋಲ್ಜ್ ಅವರು ಸಂವಿಧಾನವನ್ನು ತಿದ್ದಿಸಿ, ಸೈನ್ಯಕ್ಕೆಂದು 10,000 ಕೋಟಿ ಯೂರೋಗಳ ವಿಶೇಷ ನಿಧಿಯನ್ನು ಕಡಿವಾಣದ ಹೊರಗೆ ನಿಲ್ಲಿಸಿದರು. ಆ ವಿನಾಯಿತಿಗೆ ಕನಿಷ್ಠಪಕ್ಷ ಒಂದು ಮೊತ್ತವಿತ್ತು.

ಅವರದು ಮೂರು ಪಕ್ಷಗಳ ಸಂಯುಕ್ತ ಸರ್ಕಾರ. 2023ರ ನವೆಂಬರಿನಲ್ಲಿ ಸಂವಿಧಾನ ನ್ಯಾಯಾಲಯವು ಸಾಂಕ್ರಾಮಿಕದ ಕಾಲಕ್ಕೆಂದು ಮಂಜೂರಾಗಿದ್ದ 6,000 ಕೋಟಿ ಯೂರೋಗಳ ಸಾಲಾಧಿಕಾರವನ್ನು ಹವಾಮಾನ ನಿಧಿಗೆ ತಿರುಗಿಸಿದ್ದನ್ನು ಅಸಿಂಧುಗೊಳಿಸಿತು. ಉಕ್ರೇನಿನ ನೆರವಿಗಾಗಿ ಕಡಿವಾಣವನ್ನು ಸಡಿಲಿಸಬೇಕೆಂದು ಚಾನ್ಸೆಲರ್. ಕೂಡದೆಂದು ಹಣಕಾಸು ಸಚಿವ ಲಿಂಡ್ನರ್. 2024ರ ನವೆಂಬರ್ 6ರಂದು ಸಚಿವರು ವಜಾ ಆದರು, ಮೈತ್ರಿಯೂ ಮುರಿಯಿತು.

2025ರ ಫೆಬ್ರವರಿಯ ಚುನಾವಣೆಯಲ್ಲಿ ಮೆರ್ಜ್ ಅವರ ಪಕ್ಷವು ಕಡಿವಾಣವನ್ನು ಉಳಿಸುವೆವೆಂದು ಮತ ಕೇಳಿತು. ಗೆದ್ದ ಮೇಲೆ ನಡೆದದ್ದೇನು? ಹೊಸ ಸದನದಲ್ಲಿ ಬೇಕಾದ ಬಹುಮತ ದುರ್ಲಭವೆಂದು ತಿಳಿದು, ಅವಧಿ ಮುಗಿಯುತ್ತಿದ್ದ ಹಳೆಯ ಸದನವನ್ನೇ ಕರೆದು ಮಾರ್ಚ್ 18ರಂದು ತಿದ್ದುಪಡಿ ಮಾಡಿಸಲಾಯಿತು. ರಾಷ್ಟ್ರೀಯ ಉತ್ಪನ್ನದ ಶೇಕಡಾ 1ನ್ನು ಮೀರುವ ರಕ್ಷಣಾವೆಚ್ಚಕ್ಕೆ ಇನ್ನು ಕಡಿವಾಣವಿಲ್ಲ. ಜೊತೆಯಲ್ಲಿಯೇ ಬಂದ ಮೂಲಸೌಕರ್ಯ ನಿಧಿಗಾದರೋ 50,000 ಕೋಟಿ ಯೂರೋಗಳ ಮೊತ್ತವೂ 12 ವರ್ಷಗಳ ಅವಧಿಯೂ ಉಂಟು. ಸೇತುವೆಗೆ ಅಳತೆ, ಶಸ್ತ್ರಕ್ಕೆ ಅಳತೆಯಿಲ್ಲ!

ಅಪಾಯವು ಬಾಗಿಲಿಗೆ ಬಂದಾಗ ಲೆಕ್ಕ ನೋಡುತ್ತ ಕೂರಬೇಕೇ ಎಂದು ಕೇಳುವವರಿದ್ದಾರೆ. ಅಪಾಯ ದಿಟವೇ, ಹಳೆಯ ಸದನದ ಅಧಿಕಾರವೂ ಕಾನೂನುಬದ್ಧವೇ. ಆದರೆ ಅಪಾಯದ ಕಾಲದಲ್ಲಿಯೇ ಲೆಕ್ಕವು ಹೆಚ್ಚು ಅವಶ್ಯಕ. ಕಾಡುವ ಭಯಕ್ಕೆ ಮೇಲ್ಮಿತಿಯಿಲ್ಲ. ಆದಕಾರಣ ವೆಚ್ಚಕ್ಕಾದರೂ ಇರಬೇಕು. ರಕ್ಷಣೆಯನ್ನು ತೆರಿಗೆಯಿಂದ ಭರಿಸುವುದೋ, ಬೇರೆ ವೆಚ್ಚವನ್ನು ತಗ್ಗಿಸುವುದೋ ಎಂಬ ಕಠಿಣ ಪ್ರಶ್ನೆಯನ್ನು ಮೈತ್ರಿಪಕ್ಷಗಳು ತಮ್ಮೊಳಗೆ ಇತ್ಯರ್ಥಪಡಿಸಿಕೊಳ್ಳಬೇಕಿತ್ತು. ಅದರ ಬದಲು ಪ್ರಶ್ನೆಯನ್ನೇ ಸಾಲದ ಖಾತೆಗೆ ಬರೆದವು.

ಕಡಿವಾಣ ಬೇಡವೆನ್ನುವುದಾದರೆ ಮತದಾರರ ಮುಂದೆ ನಿಂತು ಹಾಗೆನ್ನಲಿ. ಬೇಕೆನ್ನುವುದಾದರೆ ವಿನಾಯಿತಿಗೂ ಮೊತ್ತ, ಅವಧಿ, ಮರುಪಾವತಿಯ ಕ್ರಮಗಳನ್ನು ವಿಧಿಸಲಿ. ಮಿತಿಯನ್ನು ಕಾಗದದಲ್ಲಿ ಉಳಿಸಿ, ಅದರ ಬದಿಯಲ್ಲಿಯೇ ಹೆಬ್ಬಾಗಿಲು ತೆರೆಯುವುದು ಸಂಯಮವಲ್ಲ. ಮುಂದಿನ ಪೀಳಿಗೆಯು ತೆರಬೇಕಾದ ಬಡ್ಡಿಗೆ ಯಾವ ತಿದ್ದುಪಡಿಯೂ ವಿನಾಯಿತಿ ಕೊಡಲಾರದು.